ನ್ಯಾಂಟಕೆಟ್ ದ್ವೀಪದ ಮನೆಗೆ ವಾರಾಂತ್ಯದ ಆಹ್ವಾನ: ಪ್ರೆಪ್ಪಿ ಉಡುಗೆ, ಓದು, ಆತಿಥ್ಯದ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಶಾಲ್ಮಲಾ, ಕನೆಕ್ಟಿಕಟ್

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಈಗ ಹಾರ್ಟ್‌ಫರ್ಡ್ ಬಳಿ ನೆಲೆಸಿದ್ದೇವೆ. ನನ್ನ ಮಗಳು ನ್ಯೂ ಇಂಗ್ಲೆಂಡಿನ ಒಂದು ಹಳೆಯ ವಸತಿ ಶಾಲೆಯಲ್ಲಿ ಓದುತ್ತಿದ್ದಾಳೆ. ಅವಳ ಆಪ್ತ ಗೆಳತಿಯ ತಂದೆ ತಾಯಿ ಮ್ಯಾಸಚೂಸೆಟ್ಸ್ ಕರಾವಳಿಯಾಚೆಯ ನ್ಯಾಂಟಕೆಟ್ ದ್ವೀಪದಲ್ಲಿರುವ ತಮ್ಮ ಬೇಸಿಗೆಯ ಮನೆಗೆ ಜುಲೈ ತಿಂಗಳ ಒಂದು ವಾರಾಂತ್ಯಕ್ಕೆ ನಮ್ಮ ಇಡೀ ಕುಟುಂಬವನ್ನು ಕರೆದಿದ್ದಾರೆ. ಆಹ್ವಾನ ಫೋನಿನಲ್ಲಿ ಬರಲಿಲ್ಲ. ಹೆಸರಿನ ಮೊದಲಕ್ಷರಗಳನ್ನು ಒತ್ತಿದ ದಪ್ಪ ಕಾರ್ಡಿನ ಮೇಲೆ ಆ ಮನೆಯ ಯಜಮಾನಿ ಸ್ವತಃ ಕೈಯಲ್ಲಿ ಬರೆದು ಅಂಚೆಗೆ ಹಾಕಿದ್ದರು.

ಹಳೆಯ ಖಾಸಗಿ ‘ಪ್ರೆಪ್’ ಶಾಲೆಗಳಿಂದ ಬಂದ ಇವರ ಜೀವನಕ್ರಮವನ್ನು ಇಲ್ಲಿನವರು ‘ಪ್ರೆಪ್ಪಿ’ ಎನ್ನುತ್ತಾರೆಂಬುದು ನನಗೆ ತಿಳಿದಿದೆ. ನೀಲಿ ಬ್ಲೇಜರ್, ತಿಳಿ ಕೆಂಪು ಬಣ್ಣದ ಪ್ಯಾಂಟು, ದೋಣಿಯ ಬೂಟು, ಮುತ್ತಿನ ಸರ, ಕ್ಯಾನ್ವಾಸ್ ಚೀಲ ಇವೆಲ್ಲವನ್ನೂ ಶಾಲೆಯ ಪೋಷಕರ ದಿನದಂದು ಕಂಡಿದ್ದೇನೆ. ಆದರೆ ಹೊರಗೆ ಕಾಣುವುದರ ಹಿಂದೆ ಏನಿದೆ ಎಂಬುದನ್ನು ಬಲ್ಲವರಿಂದ ತಿಳಿಯುವ ಆಸೆ ನನ್ನದು. ಅಂಗಡಿಗೆ ಹೋಗಿ ತಲೆಯಿಂದ ಕಾಲಿನವರೆಗೆ ಹೊಸದನ್ನು ಕೊಂಡು ವೇಷ ಕಟ್ಟಿದಂತೆ ಹೋಗುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಅವರ ಮನೆಯ ರೀತಿಗೆ ಗೌರವ ತೋರದಂತೆ ಹೋಗುವುದೂ ಸರಿಯಲ್ಲ.

ನನಗೆ ಬೇಕಾದ ಸಲಹೆಗಳು ಇವು. ಈ ಉಡುಗೆಯಲ್ಲಿ ಯಾವುದು ನಿಜಕ್ಕೂ ಅಗತ್ಯ, ಯಾವುದು ಬರಿಯ ಅಲಂಕಾರ? ಅತಿಥೇಯರಿಗೆ ಏನು ಒಯ್ಯಬೇಕು? ಆ ಮನೆಗಳಲ್ಲಿ ಮಧ್ಯಾಹ್ನವೆಲ್ಲ ಓದುತ್ತಾ ಕೂರುತ್ತಾರೆಂದು ಮಗಳು ಹೇಳುತ್ತಾಳೆ. ಹಾಗಿದ್ದರೆ ಆ ಓದಿನ ರೂಢಿ ಎಂಥದು? ಮುಂದೆ ಅವರನ್ನು ನಮ್ಮ ಮನೆಗೆ ಕರೆಯುವಾಗ ಆತಿಥ್ಯ ಹೇಗಿರಬೇಕು? ಕಾರಣಗಳ ಸಮೇತ ವಿವರಿಸಿದರೆ ಬಹಳ ಉಪಕಾರವಾಗುತ್ತದೆ.

ಉತ್ತರ: ನೂಲುಗಾರ, ಮೈಸೂರು

ಶಾಲ್ಮಲಾ ಅವರೇ, ನಾನು ಜವಳಿ ಕ್ಷೇತ್ರದಲ್ಲಿ ದುಡಿದು ನಿವೃತ್ತನಾದವನು. ಆದ್ದರಿಂದ ಬಟ್ಟೆಯ ವಿಷಯವನ್ನಷ್ಟೇ ಹೇಳುತ್ತೇನೆ. ನೀವು ಪರಕೀಯವೆಂದು ಅಂಜುತ್ತಿರುವ ಈ ಉಡುಗೆಯ ಮುಖ್ಯ ಬಟ್ಟೆಗಳಲ್ಲಿ ಹಲವು ನಮ್ಮ ಕಡೆಯಿಂದಲೇ ಅಲ್ಲಿಗೆ ಹೋದವು.

ಮೊದಲು ಮದ್ರಾಸ್ ಚೌಕಳಿಯನ್ನು ನೋಡೋಣ. ಬೇಸಿಗೆಯಲ್ಲಿ ಅವರು ತೊಡುವ ಬಣ್ಣಬಣ್ಣದ ಚೌಕಳಿಯ ಅಂಗಿ, ಚಡ್ಡಿ, ಜಾಕೆಟ್ಟುಗಳ ಬಟ್ಟೆ ಇದೇ. ಹೆಸರೇ ಸೂಚಿಸುವಂತೆ ಇದು ಚೆನ್ನೈ ಸುತ್ತಲಿನ ಕೈಮಗ್ಗಗಳ ತೆಳು ಹತ್ತಿ ಬಟ್ಟೆ. ನಮ್ಮಲ್ಲಿ ಲುಂಗಿಯಾಗಿ ಉಡುವ ಬಟ್ಟೆಯ ಹತ್ತಿರದ ಬಂಧು. ಅಮೆರಿಕದ ವಿದ್ಯಾಲಯಗಳೊಂದಿಗೆ ಮದ್ರಾಸಿಗಿರುವ ನಂಟು ಈ ಅಂಗಿಗಿಂತಲೂ ಹಳೆಯದು. 1687ರಿಂದ 1692ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದ ಎಲಿಹು ಯೇಲ್, ಅಧಿಕಾರವನ್ನು ಸ್ವಂತ ಲಾಭಕ್ಕೆ ಬಳಸಿದ ಆರೋಪದ ಮೇಲೆ ಆ ಪದವಿಯನ್ನು ಕಳೆದುಕೊಂಡು, ಅಪಾರ ಹಣದೊಂದಿಗೆ ಇಂಗ್ಲೆಂಡಿಗೆ ಮರಳಿದ. 1718ರಲ್ಲಿ ಅವನು ಕನೆಕ್ಟಿಕಟ್‌ನ ಒಂದು ಚಿಕ್ಕ ವಿದ್ಯಾಲಯಕ್ಕೆ 9 ಮೂಟೆ ಸರಕು, 417 ಪುಸ್ತಕಗಳು ಮತ್ತು ಒಂದನೆಯ ಜಾರ್ಜ್ ದೊರೆಯ ಭಾವಚಿತ್ರವನ್ನು ಕಳುಹಿಸಿದ. ಆ ಮೂಟೆಗಳಲ್ಲಿ ಭಾರತದ ಬಟ್ಟೆಗಳೂ ಇದ್ದವು. ಸರಕನ್ನು ಮಾರಿದಾಗ 560 ಪೌಂಡಿಗೂ ಸ್ವಲ್ಪ ಹೆಚ್ಚು ಹಣ ಬಂದಿತು, ಕಟ್ಟಡ ಎದ್ದಿತು, ವಿದ್ಯಾಲಯಕ್ಕೆ ಅವನ ಹೆಸರು ಬಂದಿತು. ನಿಮ್ಮ ಊರಿನಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಯೇಲ್ ವಿಶ್ವವಿದ್ಯಾಲಯವೇ ಅದು.

ಇನ್ನು ‘ಬಣ್ಣ ಬಿಡುವ ಮದ್ರಾಸ್’. 1950ರ ದಶಕದ ಕೊನೆಯಲ್ಲಿ, ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದ ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್ ಅವರು ಕೈಮಗ್ಗದ ಈ ಬಟ್ಟೆಯನ್ನು ಅಮೆರಿಕದ ಆಮದುದಾರರೊಬ್ಬರಿಗೆ ಮಾರಿದರು. ಅದು ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್ ಅಂಗಡಿ ಸೇರಿತು. ಸಸ್ಯಜನ್ಯ ಬಣ್ಣಗಳಾದ್ದರಿಂದ ತಣ್ಣೀರಿನಲ್ಲಿ ಮೆಲ್ಲಗೆ ಒಗೆಯಬೇಕಿತ್ತು. ಆ ಎಚ್ಚರಿಕೆ ಗಿರಾಕಿಗಳಿಗೆ ಮುಟ್ಟಲಿಲ್ಲ. ಯಂತ್ರಕ್ಕೆ ಹಾಕಿದಾಗ ಬಣ್ಣ ಬಿಟ್ಟು ಒಂದು ಚೌಕದೊಳಕ್ಕೆ ಇನ್ನೊಂದು ಹರಿಯಿತು, ದೂರುಗಳು ಬಂದವು. ಕೊನೆಗೆ ಆ ದೋಷವನ್ನೇ ಗುಣವೆಂದು ಜಾಹೀರಾತು ಮಾಡಲಾಯಿತು: ಪ್ರತಿ ಒಗೆತಕ್ಕೂ ಬಣ್ಣ ಬದಲಾಗುವ, ಇನ್ನೊಬ್ಬರ ಬಳಿ ಇರದಂಥ ಅಂಗಿ ಇದು, ಎಂದು. ವಿದ್ಯಾರ್ಥಿಗಳು ಮುಗಿಬಿದ್ದು ಕೊಂಡರು. ನನ್ನ ಅಭಿಪ್ರಾಯದಲ್ಲಿ ಪ್ರೆಪ್ಪಿ ಅಭಿರುಚಿಯ ತಿರುಳು ಇಲ್ಲಿದೆ. ಮಾಸಿದ, ತೊಟ್ಟು ಹಳತಾದ, ಕಾಲರಿನ ಅಂಚು ಸವೆದ ಬಟ್ಟೆಗೆ ಅಲ್ಲಿ ಬೆಲೆ. ಹೊಸ ಬಟ್ಟೆಯ ಥಳಕಿಗಲ್ಲ. ನ್ಯಾಂಟಕೆಟ್‌ನಲ್ಲಿ ನೀವು ನೋಡಲಿರುವ ‘ನ್ಯಾಂಟಕೆಟ್ ರೆಡ್ಸ್’ ಪ್ಯಾಂಟುಗಳೂ ಇದೇ ಜಾತಿಯವು. ಅಲ್ಲಿನ ಮರ್ರೀಸ್ ಟಾಗರಿ ಶಾಪ್ ಎಂಬ ಅಂಗಡಿ ಅವನ್ನು ಇಟ್ಟಿಗೆಯ ಕೆಂಪಿನಲ್ಲಿ ಮಾರುತ್ತದೆ. ಬಿಸಿಲು, ಉಪ್ಪು ನೀರು ತಾಗಿ ಅವು ತಿಳಿ ಗುಲಾಬಿಗೆ ಇಳಿಯಬೇಕೆಂಬುದೇ ಕೊಂಡವರ ಅಪೇಕ್ಷೆ.

ಖಾಕಿ ಪ್ಯಾಂಟಿನ ಕಥೆಯೂ ಹೀಗೆಯೇ. 1840ರ ದಶಕದಲ್ಲಿ ಪೇಶಾವರದ ಕಡೆ ಬ್ರಿಟಿಷ್ ಸೇನಾಧಿಕಾರಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆ ಮಣ್ಣಿನ ಬಣ್ಣದ ಸಮವಸ್ತ್ರ ತೊಟ್ಟಿತು. ಕೆಲವೇ ವರ್ಷಗಳಲ್ಲಿ ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯನ್ನು ನಡೆಸಿದ ಜಾನ್ ಹಾಲರ್ ಖಾಕಿ ಬಣ್ಣವನ್ನು ಅಲ್ಲಿ ಸಿದ್ಧಪಡಿಸಿದನೆಂದು ನಮ್ಮ ಕರಾವಳಿಯವರು ಅಭಿಮಾನದಿಂದ ಹೇಳುತ್ತಾರೆ. ಅಮೆರಿಕದ ಕಾಲೇಜುಗಳಿಗೆ ಖಾಕಿ ಬಂದದ್ದು ಎರಡನೆಯ ಮಹಾಯುದ್ಧದ ನಂತರ. 1944ರ ಕಾಯಿದೆಯ ನೆರವಿನಿಂದ ಓದಲು ಬಂದ ಮಾಜಿ ಸೈನಿಕರು ತಮ್ಮ ಸೇನೆಯ ಪ್ಯಾಂಟುಗಳನ್ನೇ ತರಗತಿಗೂ ತೊಟ್ಟರು. ದುಡ್ಡಿನ ಉಳಿತಾಯಕ್ಕೆ ತೊಟ್ಟದ್ದು ಮುಂದೆ ಶೈಲಿ ಎನಿಸಿಕೊಂಡಿತು.

ಸೀರ್‌ಸಕರ್ ಎಂಬ ನೆರಿಗೆಯ ಹತ್ತಿ ಬಟ್ಟೆಯೂ ಭಾರತದಿಂದಲೇ ಹೋಯಿತು. ಉದ್ದಕ್ಕೆ ಸಾಗುವ ಹಾಸಿನ ಎಳೆಗಳ ಒಂದು ಗುಂಪನ್ನು ಬಿಗಿಯಾಗಿಯೂ ಪಕ್ಕದ ಗುಂಪನ್ನು ಸಡಿಲವಾಗಿಯೂ ಹಿಡಿದು ನೇಯುವುದರಿಂದ ಸಡಿಲ ಪಟ್ಟೆಗಳು ಸುಕ್ಕುಗಟ್ಟಿ ಮೈಯಿಂದ ದೂರ ನಿಲ್ಲುತ್ತವೆ, ನಡುವೆ ಗಾಳಿ ಆಡುತ್ತದೆ, ಇಸ್ತ್ರಿಯ ಅಗತ್ಯವೇ ಇರುವುದಿಲ್ಲ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಮತ್ತು ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ನಡುವೆ ಮಾತ್ರ ಸೀರ್‌ಸಕರ್ ಮತ್ತು ಬಿಳಿ ಪ್ಯಾಂಟು ತೊಡಬೇಕೆಂಬ ಹಳೆಯ ಕಟ್ಟಳೆ ಇದೆ. ನಿಮ್ಮ ಭೇಟಿ ಜುಲೈನಲ್ಲಿರುವುದರಿಂದ ಆ ಚಿಂತೆ ಇಲ್ಲ.

ನಿಮ್ಮ ಯಜಮಾನರಿಗೆ ಆಕ್ಸ್‌ಫರ್ಡ್ ಎಂಬ ದಪ್ಪನೆಯ ಹತ್ತಿ ಬಟ್ಟೆಯ ಎರಡು ಅಂಗಿಗಳು, ಒಂದು ಖಾಕಿ ಪ್ಯಾಂಟು, ಮಂಡಿಯುದ್ದದ ಒಂದು ಚಡ್ಡಿ ಸಾಕು. ಕಾಲರಿನ ತುದಿಗೆ ಗುಂಡಿ ಇರುವ ಆ ಅಂಗಿಯನ್ನು 1896ರಲ್ಲಿ ಬ್ರೂಕ್ಸ್ ಬ್ರದರ್ಸ್ ಮನೆತನದ ಜಾನ್ ಬ್ರೂಕ್ಸ್ ರೂಪಿಸಿದನೆನ್ನುತ್ತಾರೆ. ಇಂಗ್ಲೆಂಡಿನ ಪೋಲೋ ಆಟಗಾರರು ಕಾಲರು ಮುಖಕ್ಕೆ ಬಡಿಯದಂತೆ ಸಿಕ್ಕಿಸಿಕೊಂಡಿದ್ದನ್ನು ನೋಡಿ ಅವನಿಗೆ ಅದು ಹೊಳೆಯಿತಂತೆ. ಗಂಜಿ ಹಾಕದೆ, ಮೆತ್ತಗೆ ಬಿಟ್ಟರೆ ಕಾಲರು ತಾನೇ ಚೆಂದವಾಗಿ ಬಾಗುತ್ತದೆ. ನೀವು ಸಂಜೆಯ ಊಟಕ್ಕೆ ಹತ್ತಿಯ ಸೀರೆ ಉಡುವುದಾದರೆ, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಖಂಡಿತ ಉಡಿ. ಮದ್ರಾಸ್ ಬಟ್ಟೆಯನ್ನು ಮೆಚ್ಚುವ ಕಣ್ಣಿಗೆ ಖಣದ ನೇಯ್ಗೆಯ ಯೋಗ್ಯತೆ ತಿಳಿಯುತ್ತದೆ.

ಉತ್ತರ: ಕೇಪ್ ಕಾಡ್ ಕನ್ನಡತಿ

ನೂಲುಗಾರರ ವಿವರಣೆಗೆ ವಂದನೆಗಳು. ನಾನು ಹಲವು ವರ್ಷಗಳಿಂದ ಮ್ಯಾಸಚೂಸೆಟ್ಸ್‌ನ ಈ ಕರಾವಳಿಯಲ್ಲಿದ್ದೇನೆ. ಮೆಟ್ಟು, ಚೀಲ, ಉಡುಗೊರೆಗಳ ವಿಷಯ ಬರೆಯುತ್ತೇನೆ.

ನ್ಯಾಂಟಕೆಟ್‌ನ ಮುಖ್ಯ ಬೀದಿಗೆ ಉರುಟು ಕಲ್ಲು ಹಾಸಿದೆ. ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಅಲ್ಲಿ ನಡೆಯುವುದು ಅಪಾಯ. ಅಲ್ಲಿ ಎಲ್ಲರೂ ಚಪ್ಪಟೆ ಮೆಟ್ಟು ಧರಿಸುವುದಕ್ಕೆ ಕಾರಣ ಇಷ್ಟೇ. ದೋಣಿಯ ಬೂಟಿಗೂ ಇಂಥದೇ ಕಾರಣವಿದೆ. 1935ರಲ್ಲಿ ಕನೆಕ್ಟಿಕಟ್‌ನ ಪಾಲ್ ಸ್ಪೆರಿ, ತನ್ನ ನಾಯಿ ಮಂಜುಗಡ್ಡೆಯ ಮೇಲೆ ಜಾರದೆ ಓಡುವುದನ್ನು ಕಂಡು, ಅದರ ಅಂಗಾಲಿನ ಗೆರೆಗಳಂತೆ ರಬ್ಬರಿನ ಅಟ್ಟೆಯಲ್ಲಿ ಸೀಳುಗಳನ್ನು ಕೊಯ್ದು ಒದ್ದೆ ದೋಣಿಯ ಮೇಲೆ ಜಾರದ ಬೂಟನ್ನು ಮಾಡಿದ. ಅಟ್ಟೆ ಬಿಳಿಯದಾಗಿರುವುದು ದೋಣಿಯ ಹಲಗೆಯ ಮೇಲೆ ಕಲೆ ಬೀಳಬಾರದೆಂದು. ದೋಣಿ ಏರುವ ಯೋಚನೆ ಇದ್ದರೆ ಇದನ್ನು ಕೊಳ್ಳಿ; ಇಲ್ಲದಿದ್ದರೆ ಈಗಿರುವ ಸರಳ ಚರ್ಮದ ಮೆಟ್ಟು ಸಾಕು. ಮೇನ್ ರಾಜ್ಯದ ವಿಲ್ಟನ್ ಊರಿನಲ್ಲಿ ಹುಟ್ಟಿದ ಬಾಸ್ ಕಂಪನಿ 1936ರಲ್ಲಿ ಮಾಡಲಾರಂಭಿಸಿದ, ಲೇಸಿಲ್ಲದ ಚರ್ಮದ ಬೂಟಾದ ಪೆನ್ನಿ ಲೋಫರ್ ಕೂಡ ಎಲ್ಲ ಕಡೆ ಒಗ್ಗುತ್ತದೆ. ಅಟ್ಟೆ ಸವೆದಾಗ ಚಮ್ಮಾರರಲ್ಲಿ ಹೊಸ ಅಟ್ಟೆ ಹಾಕಿಸಿ ಮತ್ತೆ ಮತ್ತೆ ಬಳಸುವ ಮನೆಗಳು ಇಲ್ಲಿ ಹಲವಿವೆ.

ಸಂಜೆಗೆ ಒಂದು ಸ್ವೆಟರ್ ಮರೆಯಬೇಡಿ. ಜುಲೈನಲ್ಲೂ ಸೂರ್ಯ ಇಳಿದ ಮೇಲೆ ಕಡಲ ಮಂಜು ಕವಿದು ಚಳಿಯಾಗುತ್ತದೆ. ಹೆಗಲಿಗೆ ಸ್ವೆಟರ್ ಕಟ್ಟಿಕೊಂಡು ತಿರುಗುವುದು ಚಿತ್ರದಲ್ಲಿ ಶೋಕಿಯಂತೆ ಕಾಣಿಸುತ್ತದೆ. ಇಲ್ಲಿ ಅದು ಹವಾಮಾನದ ಅಗತ್ಯ.

ಚೀಲದ ಮಾತಿಗೆ ಬಂದರೆ, ಎಲ್. ಎಲ್. ಬೀನ್ ಕಂಪನಿಯ ದಪ್ಪ ಕ್ಯಾನ್ವಾಸ್ ಚೀಲ 1944ರಲ್ಲಿ ಹುಟ್ಟಿದ್ದು ಮಂಜುಗಡ್ಡೆಯ ತುಂಡುಗಳನ್ನು ಹೊತ್ತು ತರಲು. ಇಂದು ಅದರಲ್ಲಿ ಒದ್ದೆ ಟವೆಲು, ಪುಸ್ತಕ, ಜೋಳದ ತೆನೆ ಎಲ್ಲವೂ ಹೋಗುತ್ತವೆ. ಬೇಕೆಂದರೆ ಒಂದನ್ನು ಕೊಂಡು ಮಗಳ ಹೆಸರಿನ ಮೊದಲಕ್ಷರಗಳನ್ನು ಕಸೂತಿ ಮಾಡಿಸಿ. ಈ ಅಕ್ಷರಗಳ ಜೋಡಣೆಗೆ ಕ್ರಮವಿದೆ: ಮೂರೂ ಒಂದೇ ಅಳತೆಯವಾದರೆ ಹೆಸರಿನ ಕ್ರಮದಲ್ಲೇ ಬರೆಯುತ್ತಾರೆ, ನಡುವಿನ ಅಕ್ಷರ ದೊಡ್ಡದಾದರೆ ಅಲ್ಲಿ ಮನೆತನದ ಹೆಸರು, ಎಡಕ್ಕೆ ಸ್ವಂತ ಹೆಸರು, ಬಲಕ್ಕೆ ನಡುವಿನ ಹೆಸರು ಬರುತ್ತದೆ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಮೊದಲು ಬಂದು ಸ್ವಂತ ಹೆಸರು ಕೊನೆಗೆ ನಿಲ್ಲುತ್ತದೆ. ಅದನ್ನು ಅವರ ಚೌಕಟ್ಟಿಗೆ ತಿರುಗಿಸುವ ಅಗತ್ಯವಿಲ್ಲ. ಮೂರು ಅಕ್ಷರಗಳನ್ನೂ ಒಂದೇ ಅಳತೆಯಲ್ಲಿ ನಮ್ಮ ಕ್ರಮದಲ್ಲೇ ಹಾಕಿಸಿ. ನನ್ನ ಮಗನ ಚೀಲದಲ್ಲಿ ಅಜ್ಜನ ಊರಿನ ಅಕ್ಷರ ಮೊದಲಿಗಿದೆ, ಅದರ ಬಗ್ಗೆ ಕೇಳಿದವರಿಗೆಲ್ಲ ಅವನು ಆ ಊರಿನ ಕಥೆ ಹೇಳುತ್ತಾನೆ.

ನ್ಯಾಂಟಕೆಟ್‌ನ ಹೆಂಗಸರ ಕೈಯಲ್ಲಿ ನೀವು ಮುಚ್ಚಳವಿರುವ ಒಂದು ಬೆತ್ತದ ಬುಟ್ಟಿಯನ್ನು ಕಾಣುವಿರಿ. ದಯವಿಟ್ಟು ಅದನ್ನು ಗಮನಿಸಿ ನೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ದ್ವೀಪದ ದಕ್ಷಿಣದ ಮರಳದಿಬ್ಬಗಳ ಬಳಿ ಲಂಗರು ಹಾಕಿ ನಿಂತು ದೀಪಸ್ತಂಭದ ಕೆಲಸ ಮಾಡುತ್ತಿದ್ದ ದೀಪದ ಹಡಗಿನ ಸಿಬ್ಬಂದಿ, ತಿಂಗಳುಗಟ್ಟಲೆ ಕಳೆಯಬೇಕಾದ ಬೇಸರದ ಹೊತ್ತಿನಲ್ಲಿ ಮರದ ಅಚ್ಚಿನ ಮೇಲೆ ಈ ಬುಟ್ಟಿಗಳನ್ನು ಹೆಣೆಯುತ್ತಿದ್ದರು. ಆ ಬುಟ್ಟಿಗೆ ಮುಚ್ಚಳ ಸೇರಿಸಿ ಕೈಚೀಲದ ರೂಪ ಕೊಟ್ಟವರು 1940ರ ದಶಕದಲ್ಲಿ ಫಿಲಿಪೀನ್ಸ್‌ನಿಂದ ಬಂದು ದ್ವೀಪದಲ್ಲಿ ನೆಲೆಸಿದ ಹೋಸೆ ಫಾರ್ಮೋಸೊ ರೇಯೆಸ್. ಈಗ ಒಳ್ಳೆಯ ಬುಟ್ಟಿಯೊಂದಕ್ಕೆ ಸಾವಿರಾರು ಡಾಲರು ಬೆಲೆ. ತಾಯಿಯಿಂದ ಮಗಳಿಗೆ ಹೋಗುವ ಒಡವೆಯಂತೆ ಅದನ್ನು ಕಾಪಾಡುತ್ತಾರೆ. ಆತಿಥೇಯರ ಮನೆಯಲ್ಲಿ ಅಂಥದೊಂದಿದ್ದರೆ ಅದನ್ನು ಹೆಣೆದವರಾರೆಂದು ಕೇಳಿ. ಮಾತು ತಾನಾಗಿ ಬೆಳೆಯುತ್ತದೆ. ಮುತ್ತಿನ ಸರ ನಿಮ್ಮಲ್ಲಿದ್ದರೆ ಹಗಲಲ್ಲೂ ಧರಿಸಬಹುದು, ಇಲ್ಲದಿದ್ದರೆ ಕೊಳ್ಳಬೇಕಿಲ್ಲ.

ಉಡುಗೊರೆ ದುಬಾರಿಯಾಗಿರಬಾರದು, ಬಳಕೆಗೆ ಬರುವಂತಿರಬೇಕು. ಚನ್ನಪಟ್ಟಣದ ಅರಗಿನ ಬಣ್ಣದ, ಊಟದ ಕರವಸ್ತ್ರವನ್ನು ಸುರುಳಿ ಮಾಡಿ ತೂರಿಸಿಡುವ ಮರದ ಬಳೆಗಳು ಇಂಥ ಮನೆಗೆ ಹೇಳಿ ಮಾಡಿಸಿದಂತಿರುತ್ತವೆ, ಏಕೆಂದರೆ ಇವರು ಊಟಕ್ಕೆ ಬಟ್ಟೆಯ ಕರವಸ್ತ್ರವನ್ನೇ ಬಳಸುತ್ತಾರೆ, ಯಾರದು ಯಾವುದೆಂದು ತಿಳಿಯಲು ಬಳೆಯ ಬಣ್ಣ ಸಹಾಯಕ. ಅತಿಥಿಗಳ ಸ್ನಾನಗೃಹಕ್ಕೆ ಮೈಸೂರು ಸ್ಯಾಂಡಲ್ ಸೋಪು ಕೊಡಬಹುದು. ಚಿಕ್ಕಮಗಳೂರಿನ ಕಾಫಿ ಪುಡಿಯನ್ನು ಒಯ್ಯುವುದಾದರೆ ಚಿಕೋರಿ ಬೆರೆಸದ್ದನ್ನು ಆರಿಸಿ, ಅವರ ಯಂತ್ರಕ್ಕೆ ಅದು ಸರಿಹೊಂದುತ್ತದೆ.

ಉತ್ತರ: ಎಡಿಸನ್ ವಾಸಿ, ನ್ಯೂಜೆರ್ಸಿ

ಮೇಲಿನ ಇಬ್ಬರ ಮಾತುಗಳನ್ನೂ ಆಸಕ್ತಿಯಿಂದ ಓದಿದೆ. ಆದರೆ ಒಂದು ಸಂಗತಿಯನ್ನು ನೆನಪಿಸದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಈ ಉಡುಗೆ ಬಹುಕಾಲ ಒಂದು ಸಣ್ಣ ವರ್ಗದ ಬೇಲಿಯಾಗಿತ್ತು. 1920ರ ದಶಕದಲ್ಲಿ ಈ ಉಡುಗೆ ಬೆಳೆದ ಯೇಲ್‌ನಂಥ ವಿಶ್ವವಿದ್ಯಾಲಯಗಳು ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸಲು ಪ್ರವೇಶದ ನಿಯಮಗಳನ್ನೇ ಬದಲಿಸಿದವು. ಯೇಲ್ ಮತ್ತು ಪ್ರಿನ್ಸ್‌ಟನ್‌ಗಳು ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1969ರಲ್ಲಿ. ಹೀಗಿರುವಾಗ ನಾವು ಆ ಬೇಲಿಯೊಳಗಿನವರಂತೆ ಕಾಣಿಸಿಕೊಳ್ಳಲು ಏಕೆ ಶ್ರಮಪಡಬೇಕು? ನಮ್ಮ ಮಕ್ಕಳು ಗೆಳೆಯರ ಮನೆಗೆ ಹೋಗುವಾಗ ತಮ್ಮ ಉಡುಪು ತಪ್ಪಾಗಿದೆಯೇ ಎಂದು ಅಳುಕುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಶಾಲ್ಮಲಾ ಅವರು ತಮ್ಮ ನಿತ್ಯದ ಶುಭ್ರ ಬಟ್ಟೆಯಲ್ಲೇ ಹೋಗಲಿ ಎಂಬುದು ನನ್ನ ಸಲಹೆ.

ಉತ್ತರ: ನೂಲುಗಾರ, ಮೈಸೂರು

ಎಡಿಸನ್ ವಾಸಿಗಳೇ, ನೀವು ಹೇಳಿದ ಇತಿಹಾಸ ನಿಜ, ಅದನ್ನು ಮರೆಯಬಾರದು. ಎಲಿಹು ಯೇಲ್‌ನ ಹಣದ ಮೂಲವನ್ನು ನೆನೆದರೂ ಇದೇ ಮಾತು ಬರುತ್ತದೆ. ಅವನ ಆಡಳಿತದಲ್ಲಿ ಮದ್ರಾಸಿನಿಂದ ಗುಲಾಮರ ಸಾಗಣೆಯೂ ನಡೆಯಿತು.

ಆದರೆ ಆ ಉಡುಗೆಯನ್ನು ಹೊಲಿದವರು, ಬೆಳೆಸಿದವರು ಬಹುಪಾಲು ಬೇಲಿಯ ಹೊರಗಿನವರು ಎಂಬುದೂ ಅಷ್ಟೇ ನಿಜ. 1902ರಲ್ಲಿ ಯೇಲ್ ಪಕ್ಕದಲ್ಲಿ ಜೆ. ಪ್ರೆಸ್ ಅಂಗಡಿ ತೆರೆದ ಜಾಕೋಬಿ ಪ್ರೆಸ್ ವಲಸೆ ಬಂದ ಯಹೂದಿ ದರ್ಜಿ. ಇಡೀ ಜಗತ್ತಿಗೆ ಈ ಶೈಲಿಯನ್ನು ಮಾರಿದ ರಾಲ್ಫ್ ಲಾರೆನ್ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ವಲಸಿಗರ ಮನೆಯಲ್ಲಿ ಹುಟ್ಟಿ, 1967ರಲ್ಲಿ ಟೈಗಳನ್ನು ಮಾರುತ್ತ ಉದ್ಯಮ ಆರಂಭಿಸಿದವರು. ಜಾಝ್ ಸಂಗೀತದ ಮೈಲ್ಸ್ ಡೇವಿಸ್ 1950ರ ದಶಕದಲ್ಲಿ ಹಾರ್ವರ್ಡ್ ಪಕ್ಕದ ಆಂಡೋವರ್ ಶಾಪ್‌ನಲ್ಲಿ ಇದೇ ಜಾಕೆಟ್ಟು, ಅಂಗಿಗಳನ್ನು ಹೊಲಿಸಿಕೊಂಡು, ಅವನ್ನು ಮೂಲದ ಗಿರಾಕಿಗಳಿಗಿಂತ ಚೆನ್ನಾಗಿ ತೊಟ್ಟರು. 1960ರ ದಶಕದಲ್ಲಿ ನಾಗರಿಕ ಹಕ್ಕುಗಳಿಗಾಗಿ ನಡೆದ ಕಪ್ಪು ಯುವಕರು ಅದೇ ಗುಂಡಿಯ ಕಾಲರಿನ ಅಂಗಿಯಲ್ಲಿ ಬೀದಿಗಿಳಿದರು. ಆ ಕಾಲದಲ್ಲೇ ಜಪಾನಿನ ಉಡುಪು ವ್ಯಾಪಾರಿ ಕೆನ್ಸುಕೆ ಇಶಿಝು ತನ್ನ ದೇಶದ ತರುಣರಿಗೆ ಇದನ್ನು ಕಲಿಸಿದರು. ಇಂದು ಹಳೆಯ ವಿಧಾನದ ಹೊಲಿಗೆಯನ್ನು ನೋಡಬೇಕಾದರೆ ಟೋಕಿಯೋಗೆ ಹೋಗುವುದು ಮೇಲು ಎನ್ನುವವರಿದ್ದಾರೆ. ನೇಯ್ದವರು ನಮ್ಮವರು, ಹೊಲಿದವರು ವಲಸಿಗರು. ಆದ್ದರಿಂದ ಶಾಲ್ಮಲಾ ಅವರ ಮಗಳು ಮದ್ರಾಸ್ ಅಂಗಿ ತೊಟ್ಟರೆ ಯಾರದೋ ಬಟ್ಟೆಯನ್ನು ಎರವಲು ಪಡೆದಂತಾಗುವುದಿಲ್ಲ.

ಪ್ರತಿಕ್ರಿಯೆ: ಶಾಲ್ಮಲಾ, ಕನೆಕ್ಟಿಕಟ್

ಎಲ್ಲರಿಗೂ ಕೃತಜ್ಞತೆಗಳು. ಎಡಿಸನ್ ವಾಸಿಗಳ ಮಾತನ್ನು ನಾನು ಮತ್ತು ಮಗಳು ಒಟ್ಟಿಗೆ ಓದಿ ಬಹಳ ಹೊತ್ತು ಚರ್ಚಿಸಿದೆವು. ಖಣದ ಕುಪ್ಪಸವನ್ನು ಪೆಟ್ಟಿಗೆಯಿಂದ ತೆಗೆದಿದ್ದೇನೆ. ನಾವು ಸಸ್ಯಾಹಾರಿಗಳು ಮತ್ತು ಮದ್ಯ ಸೇವಿಸುವವರಲ್ಲ ಎಂಬುದನ್ನು ಮೊದಲು ಹೇಳಲು ಬಿಟ್ಟಿದ್ದೆ. ಅದಕ್ಕೂ ಸಲಹೆ ಕೊಡಿ. ಓದಿನ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಉತ್ತರ: ಗ್ರಂಥಪಾಲಕಿ, ಬಾಸ್ಟನ್ ಸಮೀಪ

ಓದಿನ ಪ್ರಶ್ನೆಗೆ ಉತ್ತರಿಸುವುದು ನನಗೆ ಸಂತೋಷದ ಕೆಲಸ. ಈ ಕುಟುಂಬಗಳಲ್ಲಿ ಬೇಸಿಗೆಯ ಮಧ್ಯಾಹ್ನ ಎಲ್ಲರೂ ಒಂದೇ ಕೋಣೆಯಲ್ಲಿ ಅಥವಾ ಜಗಲಿಯಲ್ಲಿ ತಂತಮ್ಮ ಪುಸ್ತಕ ಹಿಡಿದು ಕೂರುವುದು ನಿಜ. ಅತಿಥಿಯೂ ಹಾಗೆ ಕುಳಿತರೆ ಅದನ್ನು ಅವರು ಆತ್ಮೀಯತೆಯೆಂದು ಭಾವಿಸುತ್ತಾರೆ. ಮಾತಾಡಿಸಲಿಲ್ಲವೆಂದು ಯಾರೂ ನೊಂದುಕೊಳ್ಳುವುದಿಲ್ಲ. ಬೇಸಿಗೆ ಮನೆಯ ಕಪಾಟಿನಲ್ಲಿ ಉಪ್ಪು ಗಾಳಿಗೆ ಉಬ್ಬಿದ ಪತ್ತೇದಾರಿ ಕಾದಂಬರಿಗಳು, ಹಕ್ಕಿ ಗುರುತಿಸುವ ಕೈಪಿಡಿಗಳು, ನೌಕಾಯಾನದ ಪುಸ್ತಕಗಳು ಇರುತ್ತವೆ. ಹಿಂದಿನ ಅತಿಥಿಗಳು ಬಿಟ್ಟುಹೋದವೂ ಅವುಗಳಲ್ಲಿ ಸೇರಿರುತ್ತವೆ, ಆದ್ದರಿಂದ ನೀವೂ ಓದಿ ಮುಗಿಸಿದ ಒಂದು ಪುಸ್ತಕವನ್ನು ಅಲ್ಲಿಯೇ ಬಿಟ್ಟು ಬರಬಹುದು. ಕನ್ನಡದ ಒಳ್ಳೆಯ ಕಾದಂಬರಿಯ ಇಂಗ್ಲಿಷ್ ಅನುವಾದವಾದರೆ ಇನ್ನೂ ಉತ್ತಮ.

ಓದಿದ್ದನ್ನು ಊಟದ ಮೇಜಿನಲ್ಲಿ ಚರ್ಚಿಸುವ ರೂಢಿಯ ಬೇರು ಶಾಲೆಗಳಲ್ಲಿದೆ. ನ್ಯೂ ಹ್ಯಾಂಪ್‌ಶೈರಿನ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿ 1781ರಲ್ಲಿ ಸ್ಥಾಪನೆಯಾಯಿತು. 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ದಾನಿಯ ಹಣದಿಂದ ಅಲ್ಲಿ ತರಗತಿಯ ಸ್ವರೂಪವೇ ಬದಲಾಯಿತು: ಹನ್ನೆರಡು ಮಂದಿಯಷ್ಟು ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಒಂದು ಅಂಡಾಕಾರದ ಮೇಜಿನ ಸುತ್ತ ಸಮಾನರಾಗಿ ಕುಳಿತು, ಓದಿ ಬಂದದ್ದನ್ನು ಚರ್ಚಿಸುತ್ತಾರೆ. ಶಿಕ್ಷಕರು ಭಾಷಣ ಮಾಡುವುದಿಲ್ಲ. ಒಬ್ಬರ ಮಾತಿನ ಎಳೆಯನ್ನು ಹಿಡಿದು ಇನ್ನೊಬ್ಬರು ಮುಂದುವರಿಸಬೇಕು. ಸುಮ್ಮನಿರುವವರನ್ನು ಮಾತಿಗೆ ಎಳೆಯುವುದೂ ವಿದ್ಯಾರ್ಥಿಗಳದೇ ಹೊಣೆ. ಈಗ ಇಂಥ ಮೇಜು ಬೇರೆ ಹಲವು ಶಾಲೆಗಳಲ್ಲೂ ಇದೆ. ನಿಮ್ಮ ಮಗಳಿಗೆ ಪರಿಚಯವಿದ್ದೀತು. ಈ ಶಿಕ್ಷಣಕ್ರಮವನ್ನು ನಾನು ಬಹಳವಾಗಿ ಗೌರವಿಸುತ್ತೇನೆ. ಒಳ್ಳೆಯ ಆತಿಥ್ಯಕ್ಕೆ ಬೇಕಾದ ಮಾತಿನ ಕಲೆಯನ್ನು ಅದು ಹದಿನಾಲ್ಕರ ವಯಸ್ಸಿನಲ್ಲೇ ಕಲಿಸುತ್ತದೆ.

ದ್ವೀಪದಲ್ಲಿ ಒಂದು ಬೆಳಗನ್ನು ನ್ಯಾಂಟಕೆಟ್ ಅಥೀನಿಯಂ ಗ್ರಂಥಾಲಯಕ್ಕೆ ಮೀಸಲಿಡಿ. 1836ರಲ್ಲಿ ಅದರ ಗ್ರಂಥಪಾಲಕಿಯಾದ ದ್ವೀಪದ ಹೆಣ್ಣುಮಗಳು ಮರಿಯಾ ಮಿಚೆಲ್ ಹಗಲು ಪುಸ್ತಕಗಳ ನಡುವೆಯೂ ರಾತ್ರಿ ದೂರದರ್ಶಕದ ಮುಂದೆಯೂ ಕಳೆದರು. 1847ರಲ್ಲಿ ಧೂಮಕೇತುವೊಂದನ್ನು ಕಂಡುಹಿಡಿದು ಡೆನ್ಮಾರ್ಕಿನ ದೊರೆಯ ಪದಕ ಪಡೆದರು. ಮುಂದೆ ವಾಸರ್ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾದರು. ಇದೇ ಅಥೀನಿಯಂನ ಹಳೆಯ ಕಟ್ಟಡದಲ್ಲಿ 1841ರಲ್ಲಿ ಗುಲಾಮಗಿರಿ ವಿರೋಧಿ ಸಭೆ ಸೇರಿದಾಗ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಯುವಕ ಫ್ರೆಡರಿಕ್ ಡಗ್ಲಸ್ ಎದ್ದುನಿಂತು ಮಾತನಾಡಿದರು. ಅವರ ಸಾರ್ವಜನಿಕ ಜೀವನ ಬೆಳೆದದ್ದು ಅಲ್ಲಿಂದ. ಆ ಕಟ್ಟಡ 1846ರ ಬೆಂಕಿಯಲ್ಲಿ ಸುಟ್ಟುಹೋಯಿತು, ಈಗಿರುವುದು ಮರುವರ್ಷ ಕಟ್ಟಿದ್ದು. ಈ ದ್ವೀಪವನ್ನು ಹಿಂದೆ ಸಿರಿವಂತವಾಗಿಸಿದ ತಿಮಿಂಗಿಲ ಬೇಟೆಯ ಹಿನ್ನೆಲೆ ತಿಳಿಯಬೇಕೆಂದರೆ ಹೋಗುವ ಮೊದಲು ‘ಮೊಬಿ ಡಿಕ್’ ಕಾದಂಬರಿಯ ನ್ಯಾಂಟಕೆಟ್ ಅಧ್ಯಾಯಗಳನ್ನಾದರೂ ಓದಿ. 1851ರಲ್ಲಿ ಅದು ಪ್ರಕಟವಾದಾಗ ಲೇಖಕ ಮೆಲ್ವಿಲ್ ಇನ್ನೂ ಆ ದ್ವೀಪಕ್ಕೆ ಕಾಲಿಟ್ಟಿರಲಿಲ್ಲ.

ಉತ್ತರ: ಕೇಪ್ ಕಾಡ್ ಕನ್ನಡತಿ

ಆಹಾರದ ವಿಷಯವನ್ನು ಒಪ್ಪಿಗೆಯ ಪತ್ರದಲ್ಲೇ ಒಂದು ಸಾಲಿನಲ್ಲಿ ತಿಳಿಸಿಬಿಡಿ. ಅಡುಗೆ ಸಿದ್ಧವಾದ ಮೇಲೆ ಹೇಳಿದರೆ ಅವರಿಗೆ ಮುಜುಗರವಾಗುತ್ತದೆ. ನೋಟಕ್ಕೆ ಸಸ್ಯಾಹಾರವೆನಿಸುವ ಕೆಲವು ತಿನಿಸುಗಳ ಬಗ್ಗೆ ಎಚ್ಚರವಿರಲಿ. ಬಾಸ್ಟನ್ ಬೇಕ್ಡ್ ಬೀನ್ಸ್‌ನಲ್ಲಿ ಉಪ್ಪು ಹಚ್ಚಿದ ಹಂದಿಮಾಂಸ ಸೇರಿರುತ್ತದೆ, ಹಳೆಯ ಕ್ರಮದ ಪೈಗಳ ಕಣಕಕ್ಕೆ ಹಂದಿಯ ಕೊಬ್ಬು ಹಾಕುವುದುಂಟು, ಮಕ್ಕಳು ಬೆಂಕಿಯಲ್ಲಿ ಸುಡುವ ಮಾರ್ಷ್‌ಮೆಲೋದಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಬೇಯಿಸಿದ ಜೋಳದ ತೆನೆ, ಟೊಮೇಟೊ, ಬ್ಲೂಬೆರಿ ಯಾವಾಗಲೂ ಸಿಗುತ್ತವೆ. ಸಂಜೆ ಆರರ ಪಾನೀಯದ ಹೊತ್ತಿಗೆ ಚೀಸ್, ಬಿಸ್ಕತ್ತು, ಬೀಜಗಳ ತಟ್ಟೆ ಬರುತ್ತದೆ. ಸೋಡಾಕ್ಕೆ ನಿಂಬೆ ಹಿಂಡಿ ಕೇಳಿ ಅಥವಾ ಈ ಕಡೆಯ ಕ್ರಾನ್‌ಬೆರಿ ರಸ ತೆಗೆದುಕೊಳ್ಳಿ. ಏಕೆ ಕುಡಿಯುವುದಿಲ್ಲವೆಂದು ಮರ್ಯಾದಸ್ಥರು ಯಾರೂ ಕೇಳುವುದಿಲ್ಲ.

ಹೊರಡುವ ದಿನ ಹಾಸಿಗೆಯ ಹೊದಿಕೆಗಳನ್ನು ತೆಗೆದು ಮಡಿಸಿಡಬೇಕೇ ಎಂದು ಕೇಳಿ. ಮನೆಗೆ ಬಂದು ವಾರದೊಳಗೆ ಕೃತಜ್ಞತೆಯ ಪತ್ರವನ್ನು ಕೈಯಲ್ಲಿ ಬರೆದು ಅಂಚೆಗೆ ಹಾಕಿ. ಮಗಳೂ ಬೇರೆ ಪತ್ರ ಬರೆಯಲಿ. ನಾಲ್ಕು ಸಾಲು ಸಾಕು, ಆದರೆ ಆ ಮನೆಯಲ್ಲಿ ನಿಮಗೆ ಹಿಡಿಸಿದ ಯಾವುದಾದರೂ ಒಂದು ನಿರ್ದಿಷ್ಟ ಸಂಗತಿ ಅದರಲ್ಲಿರಲಿ. ಇವರು ಒಳ್ಳೆಯ ಹತ್ತಿ ಕಾಗದವನ್ನು ಮೆಚ್ಚುತ್ತಾರೆ. ಮ್ಯಾಸಚೂಸೆಟ್ಸ್‌ನ ಡಾಲ್ಟನ್ ಊರಿನ ಕ್ರೇನ್ ಕಂಪನಿ 1879ರಿಂದ ಅಮೆರಿಕದ ನೋಟುಗಳಿಗೆ ಕಾಗದ ಒದಗಿಸುತ್ತ ಬಂದಿದ್ದು, ಪತ್ರದ ಕಾಗದಕ್ಕೂ ಅದರ ಹೆಸರನ್ನೇ ಮೊದಲು ಹೇಳುತ್ತಾರೆ.

ಅವರನ್ನು ನಿಮ್ಮ ಮನೆಗೆ ಕರೆಯುವಾಗ ಅವರ ಮನೆಯ ನಕಲು ಬೇಡ. ಆರೇಳು ಜನರಿದ್ದರೆ ಎಲ್ಲರೂ ಒಂದೇ ಮಾತಿನಲ್ಲಿ ಪಾಲ್ಗೊಳ್ಳಬಹುದು. ಆಹ್ವಾನದಲ್ಲಿ ಆರಂಭದ ಸಮಯವನ್ನು ಸ್ಪಷ್ಟವಾಗಿ ಬರೆದು, ಅವರು ಬರುವ ಹೊತ್ತಿಗೆ ನೀವು ಅಡುಗೆಮನೆಯಿಂದ ಹೊರಗಿರುವಂತೆ ನೋಡಿಕೊಳ್ಳಿ, ಏಕೆಂದರೆ ಇಲ್ಲಿ ಅತಿಥಿಯ ಜೊತೆ ಕೂರುವುದು ಬಡಿಸುವುದಕ್ಕಿಂತ ದೊಡ್ಡ ಉಪಚಾರ. ಗಾಜಿನ ಹೂಜಿಯಲ್ಲಿ ಬೆಲ್ಲದ ಪಾನಕ, ಜೊತೆಗೆ ನಿಪ್ಪಟ್ಟು, ಕೋಡುಬಳೆ ಇಟ್ಟರೆ ಆರರ ಹೊತ್ತು ತಾನೇ ತುಂಬುತ್ತದೆ. ಊಟಕ್ಕೆ ಜೋಳದ ರೊಟ್ಟಿ, ಎಣಗಾಯಿ, ಹೆಸರುಬೇಳೆಯ ಕೋಸಂಬರಿ, ಮೊಸರನ್ನ ಮಾಡಿ, ಕೊನೆಗೆ ಧಾರವಾಡ ಪೇಢೆ ಕೊಡಿ. ಬಗೆಗಳು ಕಡಿಮೆಯಿದ್ದಷ್ಟೂ ಪ್ರತಿಯೊಂದರ ಬಗ್ಗೆ ಅವರು ಕೇಳಿ ತಿಳಿಯಲು ಆಸ್ಪದವಿರುತ್ತದೆ.

ಇನ್ನೊಂದು ತುರ್ತಿನ ಮಾತು. ಕಾರನ್ನು ಒಯ್ಯುವ ಫೆರಿಯಲ್ಲಿ ಜುಲೈ ತಿಂಗಳ ಸ್ಥಳಗಳು ಬಹಳ ಮುಂಚೆಯೇ ಮುಗಿಯುತ್ತವೆ. ಕಾರನ್ನು ಕೇಪ್ ಕಾಡ್‌ನ ಬಂದರು ಹಯಾನಿಸ್‌ನಲ್ಲೇ ನಿಲ್ಲಿಸಿ, ವೇಗದ ದೋಣಿಗೆ ಈಗಲೇ ಟಿಕೇಟು ಕಾದಿರಿಸಿಬಿಡಿ. ಸುಮಾರು ಒಂದು ಗಂಟೆಯ ಪಯಣ. ದ್ವೀಪದಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ, ಪಟ್ಟಣದಿಂದ ಕಡಲತೀರಗಳಿಗೆ ಸೈಕಲ್ಲಿಗೆಂದೇ ದಾರಿಗಳಿವೆ, ಮಗಳು ಮತ್ತು ಅವಳ ಗೆಳತಿ ಅದನ್ನೇ ಬಯಸಿಯಾರು.